ಮೊದಲು ಮುಟ್ಟಿದ್ದು ಆನೆ

ಮಂಗಳವಾರ, ಊಟದ ಬಿಡುವು

ಬೆಳಿಗ್ಗೆ ಮತ್ತೆ ಅದೇ ಹತ್ತು ನಡೆ, ಹಾಸಿಗೆಯ ಮೇಲೆ ಚೆಸ್ ಬೋರ್ಡ್ ಹರಡಿಕೊಂಡು. ಕಿಂಗ್ಸ್ ಗ್ಯಾಂಬಿಟ್ — ಎರಡನೇ ನಡೆಗೇ ಒಬ್ಬ ಕಾಲಾಳನ್ನು ಬಿಟ್ಟುಕೊಡುವ ಓಪನಿಂಗ್. ಭಾವ ಹಲ್ಲುಜ್ಜುತ್ತಾ ನಿಂತು ನೋಡಿದರು.

"ನೀನು ಬರೆಯೋ ಕರಪತ್ರದಲ್ಲಿ ದುಡಿಯೋರ ಪರ. ಬೋರ್ಡ್ ಮೇಲೆ ಮೊದಲು ಸಾಯಿಸೋದೇ ಅವರನ್ನ. ಚೆನ್ನಾಗಿದೆ ನಿನ್ನ ಕ್ರಾಂತಿ."

ಬೈಂಡಿಂಗ್ ಶಾಪಿನಲ್ಲಿ ನಲವತ್ತು ಪುಸ್ತಕ ಹೊಲಿದು ಮುಗಿದರೂ ಆ ಮಾತು ತಲೆಯಿಂದ ಹೋಗಿಲ್ಲ.

ಶನಿವಾರ ಟೂರ್ನಿಯ ಕೊನೆಯ ಸುತ್ತು. ಗೆದ್ದರೆ ರಾಜ್ಯ ತಂಡ. ಡ್ರಾ ಸಾಲದು.

ಶನಿವಾರ, ಸಂಜೆ 5.30

ಹನ್ನೆರಡು ನಡೆ ಆದಮೇಲೆ ಕರೆಂಟ್ ಹೋಯಿತು. ಗಡಿಯಾರ ನಿಲ್ಲಿಸಿದರು. ಉಳಿದದ್ದು ನಾಳೆ ಹತ್ತಕ್ಕೆ. ಎದುರಾಳಿ ಬ್ಯಾಂಕ್ ಮ್ಯಾನೇಜರ್. ಇಸ್ತ್ರಿ ಮಾಡಿದ ಕರವಸ್ತ್ರ, ಮೇಜಿನ ಮೇಲೆ ಎರಡು ಪೆನ್ನು. ಕೈ ಕುಲುಕುವಾಗಲೇ ಸಿಟ್ಟು ಬಂದಿತ್ತು.

ಆದರೆ... ಬರೆದೇಬಿಡುತ್ತೇನೆ. ಎಂಟನೇ ನಡೆ, ಕ್ಯಾಸ್ಲಿಂಗ್ — ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು. ಮೊದಲು ರಾಜನನ್ನು ಮುಟ್ಟಬೇಕು. ನಾನು ಆನೆ ಮುಟ್ಟಿದೆ. ಮುಟ್ಟಿದ ಮೇಲೆ ಆನೆಯನ್ನೇ ನಡೆಸಬೇಕು, ಕ್ಯಾಸ್ಲಿಂಗ್ ಇಲ್ಲ. ಅವರು ತಲೆ ಬಗ್ಗಿಸಿ ನಡೆ ಬರೆದುಕೊಳ್ಳುತ್ತಿದ್ದರು. ತಟ್ಟನೆ ಕೈ ರಾಜನ ಮೇಲಿಟ್ಟು ಕ್ಯಾಸ್ಲಿಂಗ್ ಮಾಡಿಬಿಟ್ಟೆ. ಯಾರೂ ನೋಡಲಿಲ್ಲ.

ಹೋದ ತಿಂಗಳ ಕರಪತ್ರದಲ್ಲಿ ನಮ್ಮ ಶಾಪಿನ ಮೇಸ್ತ್ರಿಯನ್ನು ಕಳ್ಳ ಎಂದು ಬರೆದವಳು ನಾನು.

ಭಾನುವಾರ, ಬೆಳಿಗ್ಗೆ 7

ಅಕ್ಕ ತಮಾಷೆಗೆ, "ಏನೇ ಈ ಮುಖ? ಮೋಸಗೀಸ ಮಾಡಿ ಬಂದ್ಯಾ?" ಅಂದಳು. ಕೂಗಾಡಿಬಿಟ್ಟೆ.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀಯೇ?"

ಹೇಳಿಬಿಡಬೇಕು. ರಾಜ್ಯ ತಂಡ ಹೋದರೆ ಹೋಗಲಿ.

9.55, ಹಾಲ್‌ನ ಮೆಟ್ಟಿಲು

ಹೇಳಿದೆ. ತೀರ್ಪುಗಾರರು, ಮ್ಯಾನೇಜರ್ ಇಬ್ಬರ ಎದುರಿಗೂ. ತೀರ್ಪುಗಾರರು ಕನ್ನಡಕ ಒರೆಸಿಕೊಂಡರು. "ಅವರು ಆಗಲೇ ಆಕ್ಷೇಪ ಎತ್ತಬೇಕಿತ್ತಮ್ಮ. ಮುಂದಿನ ನಡೆ ಆಡಿದ ಮೇಲೆ ಮುಗೀತು. ಆಟ ಹಾಗೇ ಮುಂದುವರಿಯುತ್ತೆ."

ಮ್ಯಾನೇಜರ್ ನಕ್ಕರು. "ನಾನು ನೋಡಿದ್ದೆ ಕಣಮ್ಮ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಆನೆ ನಡೆಸಿದ್ರೆ ನನಗೇ ಕಷ್ಟ ಆಗ್ತಿತ್ತು. ನೀನು ರಾಜನ್ನ ಆ ಮೂಲೆಗೆ ಹಾಕಲಿ ಅಂತಾನೇ ಕಾಯ್ತಿದ್ದೆ."

ಯಾಕೆ ಕಾಯುತ್ತಿದ್ದರು? ನಿನ್ನೆಯಿಂದ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದೆ. ಬೋರ್ಡ್ ನೋಡಿಯೇ ಇಲ್ಲ. ಅವರು ನಿದ್ದೆ ಮಾಡಿ, ಎಲ್ಲ ಯೋಚಿಸಿಕೊಂಡು ಬಂದಿದ್ದಾರೆ. ಈಗ ನಡೆ ನನ್ನದು. ಅವರ ಒಂಟೆ ಓರೆಯಲ್ಲಿ ನೇರ ನನ್ನ ರಾಜನ ಪಕ್ಕದ ಮನೆಗೇ ಗುರಿ. ಜೊತೆಗೆ ರಾಣಿಯೂ ಬಂದರೆ... ಒಳಗೆ ಗಡಿಯಾರಕ್ಕೆ ಕೀ ಕೊಡುತ್ತಿದ್ದಾರೆ. ಮೂರು ನಿಮಿಷ. ಕುದುರೆ ಅಡ್ಡ ಇಟ್ಟರೆ ಅವರು... ಇಲ್ಲ, ಅದಕ್ಕಿಂತ ಮೊದಲು—