ಯಂತ್ರದ ಬಾಯಿಗೆ ಕಟ್ಟಿದ ಲೈನಿಂಗ್ ಬಟ್ಟೆ

ಗಾಳಿಯ ದೂಳು ಮತ್ತು ಉಸಿರಾಟದ ಅಧ್ಯಯನದ ಸಂಯೋಜಕರಿಗೆ

ಮಾನ್ಯರೇ,

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಗಾಳಿಯ ಬಗ್ಗೆ ತಾವು ಹೊರತಂದಿರುವ ವರದಿಯ ನಲವತ್ತೊಂದನೇ ಪುಟದಲ್ಲಿ, ನಮ್ಮೂರಿನ ಗಾಳಿ ಮೂರೂ ತಾಲ್ಲೂಕುಗಳಲ್ಲಿ ಅತ್ಯಂತ ಶುದ್ಧವಾದದ್ದು ಎಂದಿದೆ. ಅದು ತಪ್ಪು. ಆ ತಪ್ಪು ಹೇಗಾಯಿತೆಂದು ನನಗೆ ಗೊತ್ತು. ಅದರಲ್ಲಿ ನನ್ನ ಪಾಲೂ ಇದೆ. ಇದನ್ನು ತಮಗೆ ಮೂರು ಸಲ ಅಂಚೆಯಲ್ಲಿ, ಒಂದು ಸಲ ಖುದ್ದಾಗಿ ಬಂದು ತಿಳಿಸಿದ್ದೇನೆ. ಮೆಲ್ಲಗೆ ಹೇಳಿದ್ದು ತಮ್ಮವರೆಗೆ ಬಂದಂತಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶಾಗ್ಯದ ಕಡೆಯ ಒಂದು ಸಣ್ಣ ಊರು. ತಮ್ಮ ವರದಿಯಲ್ಲಿ ಅದಕ್ಕೆ ಹೆಸರಿಲ್ಲ, ‘ಕೇಂದ್ರ ಏಳು’ ಎಂದಿದೆ. ನಾನೂ ಹಾಗೇ ಕರೆಯುತ್ತೇನೆ. ಇಲ್ಲಿನ ಗ್ರಂಥಾಲಯದ ಮೇಲ್ವಿಚಾರಕಿ ನಾನು. ಗ್ರಂಥಾಲಯದಿಂದ ನಾನೂರು ಮೀಟರ್ ದೂರದಲ್ಲಿ ಜಲ್ಲಿ ಕ್ರಷರ್ ಇದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಹೆಸರು ಬರೆಯಬಹುದು; ಶಾಲೆಯ ಮಕ್ಕಳು ಬರೆಯುತ್ತಾರೆ. ಯಾವ ಪುಸ್ತಕವನ್ನಾದರೂ ಎರಡು ಸಲ ಮೇಜಿನ ಅಂಚಿಗೆ ತಟ್ಟಿ ಕೊಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬೇರೆ ಊರಿನ ಗ್ರಂಥಾಲಯಕ್ಕೆ ಹೋದಾಗಲೂ ತಟ್ಟುತ್ತೇನೆ, ಅಲ್ಲಿಯವರು ವಿಚಿತ್ರವಾಗಿ ನೋಡುತ್ತಾರೆ.

ತಮ್ಮ ಲೆಕ್ಕದಂತೆ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಕಾಡಿಗೆ ಅಂಟಿಕೊಂಡಿರುವ ಕೇಂದ್ರ ಮೂರರಲ್ಲಿ, ಒಂದು ಘನ ಮೀಟರ್ ಗಾಳಿಗೆ ಮೂವತ್ತೆಂಟು ಮೈಕ್ರೋಗ್ರಾಂ ದೂಳು. ಕ್ರಷರಿನ ಪಕ್ಕದ ನಮ್ಮಲ್ಲಿ ಮೂವತ್ತೊಂದು. ಪಂಚಾಯಿತಿ ಕಟ್ಟೆಯ ಮೇಲೆ ನಾನಿದನ್ನು ಓದಿ ಹೇಳಿದಾಗ, ರೇಷ್ಮೆಗೂಡು ಮಾರಿ ಬಂದು ಅಲ್ಲೇ ನಿಂತಿದ್ದ ರಂಗನಾಯಕ ಪಕ್ಕದವನಿಗೆ, “ಅಂಗಾರೆ ಬೆಟ್ಟದೋರು ಗಾಳಿ ಕುಡಿಯಕ್ಕೆ ಇನ್ಮೇಲೆ ನಮ್ಮೂರ್ಗೇ ಬರ್ಬೇಕು ಕಣ್ಲಾ” ಎಂದ. ಎಲ್ಲರೂ ನಕ್ಕರು. ಅರ್ಧ ಜನರ ನಗು ಕೆಮ್ಮಿನಲ್ಲಿ ಮುಗಿಯಿತು. ಕ್ರಷರಿನವರು ಮಾತ್ರ ನಗಲಿಲ್ಲ. ಆ ಪುಟದ ಜೆರಾಕ್ಸ್ ತೆಗೆಸಿ ಕ್ರಷರಿನ ಆಫೀಸಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ.

ಈಗ ತಪ್ಪಿನ ವಿಷಯ. ದೂಳು ಅಳೆಯುವ ಯಂತ್ರವನ್ನು ತಮ್ಮವರು ಹೋದ ವರ್ಷದ ಆರಂಭದಲ್ಲಿ ನಮ್ಮ ಗ್ರಂಥಾಲಯದ ತಾರಸಿಯ ಮೇಲೆ ಇಟ್ಟರು. ಸೋಮವಾರ ಮತ್ತು ಗುರುವಾರ ಬಂದು ಒಳಗಿನ ಕಾಗದ ಬದಲಿಸುತ್ತಿದ್ದವರು ತಮ್ಮ ತಂತ್ರಜ್ಞ ಮುರುಗೇಶ. ಒಳ್ಳೆಯ ಮನುಷ್ಯ. ಮೊದಲ ದಿನ ಅವರು ಯಂತ್ರವನ್ನು ಒಪ್ಪಿಸಿದ್ದು ನನಗಲ್ಲ, ಗ್ರಂಥಾಲಯ ಗುಡಿಸುವ ಶಿವರತ್ನಮ್ಮನವರಿಗೆ. ತಾರಸಿಯ ಬೀಗದ ಕೈ ಇರುವುದು ಅವರ ಸೊಂಟದಲ್ಲಿ. “ಅಮ್ಮಾ, ಬಾಳ ಸೂಕ್ಷ್ಮದ ಮೆಷಿನ್ನು ಇದು. ದೂಳುಗೀಳು ಓಗಿ ಕೆಟ್ಟು ನಿಂತ್ರೆ ನನ್ ಕೆಲ್ಸ ಓಯ್ತದೆ, ನೀವೇ ಕಾಪಾಡ್ಬೇಕು” ಎಂದರು. ದೂಳು ಹೋಗಬಾರದೆಂದು ಅವರ ಮನಸ್ಸಿನಲ್ಲಿದ್ದುದು ಪಕ್ಕದ ಕರೆಂಟಿನ ಪೆಟ್ಟಿಗೆ. ಶಿವರತ್ನಮ್ಮ ನೋಡಿದ್ದು ಮೇಲೆ ಅಗಲವಾಗಿ ತೆರೆದುಕೊಂಡಿದ್ದ ಅದರ ಬಾಯಿಯನ್ನು.

ನಮ್ಮ ಕಡೆ ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುತ್ತೇವೆ, ಮಣ್ಣು ಬಿಂದಿಗೆಗೆ ಬೀಳದಿರಲಿ ಎಂದು. ಶಿವರತ್ನಮ್ಮ ಅದನ್ನೇ ಮಾಡಿದರು. ಅವರ ಮಗಳು ಭವ್ಯ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಮಿಕ್ಕ ಲೈನಿಂಗ್ ಬಟ್ಟೆಯನ್ನು ಎರಡು ಪದರ ಮಡಿಸಿ, ಸುತ್ತ ಎಲಾಸ್ಟಿಕ್ ಕೊಟ್ಟು, ಯಂತ್ರದ ಬಾಯಿಯ ಅಳತೆಗೆ ಸರಿಯಾಗಿ ಎರಡು ಟೊಪ್ಪಿ ಹೊಲಿದು ಕೊಟ್ಟಳು. ಒಂದು ಯಂತ್ರದ ಮೇಲೆ, ಒಂದು ಒಗೆಯಲು. ದಿನವೂ ಸಂಜೆ ಬೂದು ಬಣ್ಣಕ್ಕೆ ತಿರುಗಿದ ಟೊಪ್ಪಿಯನ್ನು ತೆಗೆದು ತೊಟ್ಟಿಯ ಹತ್ತಿರ ಒಗೆಯುತ್ತಿದ್ದರು. ಮುರುಗೇಶ ಬರುವ ದಿನ ಬೆಳಿಗ್ಗೆಯೇ ಅದನ್ನು ತೆಗೆದಿಟ್ಟು ಯಂತ್ರದ ಬಾಯಿಯನ್ನು ಒರೆಸಿಡುತ್ತಿದ್ದರು, ನೆಂಟರು ಬರುವ ಮೊದಲು ಕುರ್ಚಿ ಒರೆಸುವ ಹಾಗೆ. “ಮೂರು ತಾಲ್ಲೂಕಲ್ಲಿ ನಿಮ್ಮಷ್ಟು ನೀಟಾಗಿ ಯಾರೂ ಮಡಿಕಂಡಿಲ್ಲ ಕಣಮ್ಮ” ಎಂದು ಮುರುಗೇಶ ಹೊಗಳಿದ್ದನ್ನು ಶಿವರತ್ನಮ್ಮ ನನಗೆ ಬಂದು ಹೇಳಿದ್ದರು.

ಆ ಟೊಪ್ಪಿಯನ್ನು ನಾನು ವರ್ಷವಿಡೀ ನೋಡಿದ್ದೇನೆ. ಒಂದು ಸಲ, ಚೆನ್ನಾಗಿ ಹೊಲಿದಿದ್ದಾಳೆ ಎಂದೂ ಹೇಳಿದೆ. ಓದುವುದೇ ನನ್ನ ಉದ್ಯೋಗ. ಒಂದು ವಾಕ್ಯದಲ್ಲಿ ಪದ ಹೆಚ್ಚುಕಡಿಮೆಯಾದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ದೂಳು ಅಳೆಯುವ ಯಂತ್ರದ ಬಾಯಿಗೆ ಬಟ್ಟೆ ಕಟ್ಟಿದ್ದರ ಮೇಲೆ ಅದು ನಿಲ್ಲಲಿಲ್ಲ.

ಅಧ್ಯಯನ ಮುಗಿದ ದಿನ ಮುರುಗೇಶ ಬರಲಿಲ್ಲ. ಯಾರೋ ಕೂಲಿಯವರು ಹೇಳದೆ ಕೇಳದೆ ಬಂದು, ಟೊಪ್ಪಿಯನ್ನು ಕಿತ್ತು ತಾರಸಿಯ ಮೇಲೆ ಎಸೆದು, ಯಂತ್ರವನ್ನು ಲಗೇಜ್ ಆಟೋಗೆ ಹಾಕಿಕೊಂಡು ಹೋದರು. ಐದು ತಿಂಗಳ ಮೇಲೆ ವರದಿ ಬಂತು. ಅಳತೆಯ ವಿಧಾನದ ಪುಟವನ್ನು ನಾನು ಗ್ರಂಥಾಲಯದಲ್ಲಿ ಕೂತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ: ಗಾಳಿ ಯಂತ್ರದ ಬಾಯಿಯಿಂದ ಒಳಗೆ ಹೋಗುತ್ತದೆ, ಅದರಲ್ಲಿರುವ ದೂಳು ಕಾಗದದ ಮೇಲೆ ಕೂರುತ್ತದೆ, ಕಾಗದದ ತೂಕ ಹೆಚ್ಚುತ್ತದೆ. ಹಿಂದೆ ಪೊರಕೆಯ ಸದ್ದು ನಿಂತಿತು.

“ಮೇಡಮ್ಮೋರೇ, ದೂಳು ಒಳಿಕ್ ಓಗ್ಬೇಕಿತ್ತಾ?” ಎಂದರು ಶಿವರತ್ನಮ್ಮ.

ನಾನು ಪುಸ್ತಕ ಮುಚ್ಚಿದೆ. ಅವರು ಪೊರಕೆ ಹಿಡಿದೇ ನೆಲದ ಮೇಲೆ ಕೂತರು. “ಅಯ್ಯೋ, ನಾನು ತಡುದ್ಬುಟ್ನಲ್ಲಾ. ಒಂದ್ ದಿನ ಬುಡ್ದಂಗೆ ತಡುದ್ನಲ್ಲಾ.”

ಅವರು ಅಷ್ಟು ಕಂಗೆಡಲು ಕಾರಣವಿದೆ. ಭವ್ಯಳಿಗೆ ಇಪ್ಪತ್ತನಾಲ್ಕು ವರ್ಷ. ಎರಡು ವರ್ಷದಿಂದ ಅವಳಿಗೆ ಉಸಿರು ಸಾಲದು. ಹೊಲಿಗೆ ಯಂತ್ರವನ್ನು ಒಂದು ತೋಳು ಮುಗಿಯುವಷ್ಟು ತುಳಿದರೆ ಸಾಕು, ಎದ್ದು ಬಾಗಿಲ ಚೌಕಟ್ಟನ್ನು ಹಿಡಿದು ನಿಲ್ಲಬೇಕು. ತಮ್ಮ ಅಧ್ಯಯನದ ಎರಡನೇ ಹಂತದಲ್ಲಿ, ದೂಳು ಹೆಚ್ಚಿರುವ ಊರುಗಳ ರೋಗಿಗಳಿಗೆ ಎರಡು ವರ್ಷ ಪ್ರತಿ ತಿಂಗಳೂ ಊರಲ್ಲೇ ಉಸಿರಿನ ಪರೀಕ್ಷೆ, ಔಷಧಿ, ಉಸಿರಿನ ಪಂಪು ಕೊಡುತ್ತೇವೆಂದು ಹೇಳಿದ್ದಿರಿ. ನಮ್ಮೂರಿನ ಪಟ್ಟಿಯಲ್ಲಿ ಭವ್ಯ ಹತ್ತೊಂಬತ್ತನೆಯವಳು. ವರದಿ ಬಂದ ಮೇಲೆ ಇಡೀ ಪಟ್ಟಿಯೇ ಹೋಯಿತು. ಕೇಂದ್ರ ಏಳರಲ್ಲಿ ಹೊರಗಿನ ದೂಳು ಮಿತಿಯೊಳಗಿರುವುದರಿಂದ, ಉಸಿರಾಟದ ತೊಂದರೆಗೆ ಅಡುಗೆಮನೆಯ ಹೊಗೆ ಕಾರಣವಿರಬಹುದು ಎಂದು ತಮ್ಮ ಕಚೇರಿ ಬರೆಯಿತು. ಶಿವರತ್ನಮ್ಮನವರ ಮನೆಯಲ್ಲಿ ಗ್ಯಾಸ್ ಒಲೆ ಬಂದು ಆರು ವರ್ಷವಾಯಿತು. ಅವರ ಮನೆಗೆ ಯಾರಾದರೂ ಬಂದು ಒಲೆಯನ್ನು ನೋಡಿದ್ದರೇ? ಅಥವಾ ಅಷ್ಟು ಶುದ್ಧವಾದ ಊರಿಗೆ ಬರುವ ಅಗತ್ಯವೇ ಕಾಣಲಿಲ್ಲವೇ?

ಕೂಲಿಯವರು ಎಸೆದಿದ್ದ ಆ ಟೊಪ್ಪಿ ಶಿವರತ್ನಮ್ಮನವರ ಹತ್ತಿರ ಇತ್ತು. ಯಂತ್ರವೇ ಇಲ್ಲದ ಮೇಲೆ ಒಗೆಯುವುದೇಕೆ ಎಂದು ಹಾಗೇ ಮಡಿಸಿ ಕಪಾಟಿನ ಸಂದಿಗೆ ಸಿಕ್ಕಿಸಿದ್ದರು. ಅದರಲ್ಲಿ ಒಂದು ದಿನದ ದೂಳು ಇತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ, ನಾವಿಬ್ಬರೂ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಕವರನ್ನು ಬೆಳಕಿಗೆ ಹಿಡಿದು ನೋಡಿ, “ಈ ಬಟ್ಟೆ ಕಟ್ಟೋಕೆ ಮುಂಚೆ ಎಷ್ಟು ತೂಕ ಇತ್ತು ಮೇಡಂ?” ಎಂದರು. ತೂಕ ಮಾಡಿರಲಿಲ್ಲ ಎಂದೆ. “ಹಾಗಾದ್ರೆ ಇದು ಸ್ಯಾಂಪಲ್ ಅಲ್ಲ, ಬಟ್ಟೆ” ಎಂದು ಹಿಂದಕ್ಕೆ ಕೊಟ್ಟರು.

ಶಿವರತ್ನಮ್ಮ ಮುಂದೆ ಬಂದು, “ತಪ್ಪು ನಂದೇ ಸಾ. ಬರ್ಕಳಿ. ಇನ್ನೊಂದ್ ಕಿತ ಮೆಷಿನ್ ತಂದು ಮಡಗಿ, ನಾನು ಆ ಮೆಟ್ಲೇ ಅತ್ತಕಿಲ್ಲ” ಎಂದರು.

“ನೀವು ತುಂಬಾ ಕ್ಲೀನು ಬಿಡಿ ಅಮ್ಮ” ಎಂದರು ಆ ಸಹಾಯಕರು. ವ್ಯಂಗ್ಯವಿರಲಿಲ್ಲ ಎಂದು ಭಾವಿಸುತ್ತೇನೆ.

ತೂಕದ ಬಗ್ಗೆ ಅವರು ಹೇಳಿದ್ದು ಶಾಸ್ತ್ರೀಯವಾಗಿ ಸರಿ. ಮೊದಲಿನ ತೂಕ ಗೊತ್ತಿಲ್ಲದೆ ಎಷ್ಟು ಸೇರಿತು ಎಂದು ಹೇಳಲಾಗದು. ಹಾಗಾದರೆ ಭವ್ಯಳ ಶ್ವಾಸಕೋಶವನ್ನೂ ಕ್ರಷರ್ ಬರುವ ಮೊದಲು ಯಾರೂ ಅಳೆದಿಡಲಿಲ್ಲವಲ್ಲ, ಅದರೊಳಗೆ ಸೇರಿದ್ದನ್ನೂ ಇಲ್ಲವೆನ್ನೋಣವೇ? ಅತಿ ಸಣ್ಣ ಕಣಗಳನ್ನು ಲೈನಿಂಗ್ ಬಟ್ಟೆ ಪೂರ್ತಿ ತಡೆಯಲಾರದು ಎಂದು ತಮ್ಮ ತಜ್ಞರು ಹೇಳಬಹುದು. ಒಪ್ಪುತ್ತೇನೆ. ಅದು ಎಷ್ಟು ತಡೆಯಿತು, ಎಷ್ಟು ಬಿಟ್ಟಿತು ಎಂದು ನನಗೆ ತಿಳಿಯದು. ತಮಗೂ ತಿಳಿಯದು. ತಿಳಿಯದಿದ್ದನ್ನು ‘ಅತ್ಯಂತ ಶುದ್ಧ’ ಎಂದು ಅಚ್ಚು ಹಾಕಿಸಿದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಇನ್ನೂ ಒಂದು ಮಾತು. ತಮ್ಮದೇ ವರದಿಯ ಕೊನೆಯ ಕೋಷ್ಟಕದಲ್ಲಿ, ಕೇಂದ್ರ ಏಳರ ಯಂತ್ರ ಉಳಿದೆಲ್ಲ ಯಂತ್ರಗಳಿಗಿಂತ ಕಡಿಮೆ ಗಾಳಿ ಎಳೆದಿದೆ ಎಂದು ತಿಂಗಳು ತಿಂಗಳೂ ದಾಖಲಾಗಿದೆ. ಕಾರಣದ ಅಂಕಣದಲ್ಲಿ ‘ವಿದ್ಯುತ್ ಏರಿಳಿತ’ ಎಂದಿದೆ. ತನಗೆ ಉಸಿರು ಕಟ್ಟುತ್ತಿದೆ ಎಂದು ಆ ಯಂತ್ರ ಹನ್ನೆರಡು ತಿಂಗಳು ಹೇಳಿತು. ಪದವಿಗಳಿರುವ ಎಷ್ಟೋ ಕಣ್ಣುಗಳು ಆ ಸಾಲಿನ ಮೇಲೆ ಹಾದುಹೋಗಿರಬೇಕು. ತಾರಸಿ ಹತ್ತಿ ನೋಡಲು ಇಪ್ಪತ್ತೆರಡು ಮೆಟ್ಟಿಲು. ಯಾರೂ ಹತ್ತಲಿಲ್ಲ. ಬಟ್ಟೆ ಕಟ್ಟಿದ ಶಿವರತ್ನಮ್ಮ ಅಕ್ಷರ ಕಲಿಯದವರು; ಕೋಷ್ಟಕ ತುಂಬಿದವರೂ ಹಾಗೆಯೇ ಎಂದು ನಾನು ನಂಬಬೇಕೇ?

ಅಧ್ಯಯನ ಮುಗಿದಿದೆ, ಯಂತ್ರ ಬೇರೆ ಜಿಲ್ಲೆಗೆ ಹೋಗಿದೆ, ಮುಂದಿನ ಅಳತೆ ಮೂರು ವರ್ಷದ ಮೇಲೆ ಎಂದು ತಮ್ಮ ಕಚೇರಿ ಕೊನೆಗೆ ಉತ್ತರಿಸಿತು. ಮೂವತ್ತು ದಿನದ ಮಟ್ಟಿಗೆ ಯಂತ್ರವನ್ನು ಮತ್ತೆ ಇಡಿಸಿ ಎಂದು ಕೇಳಿದ್ದೆ. ಈಗ ಅದನ್ನೂ ಕೇಳುವುದಿಲ್ಲ. ಎರಡೇ ಕೇಳುತ್ತೇನೆ. ನಲವತ್ತೊಂದನೇ ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿಸಿ: ‘ಈ ಕೇಂದ್ರದ ಯಂತ್ರದ ಬಾಯಿಗೆ ವರ್ಷವಿಡೀ ಬಟ್ಟೆ ಕಟ್ಟಿತ್ತು.’ ಹಾಗೂ, ಆ ಅಡಿಟಿಪ್ಪಣಿಯ ಆಧಾರದ ಮೇಲೆ, ಅಳಿಸಿದ ಪಟ್ಟಿಯನ್ನು ಮತ್ತೆ ಸೇರಿಸಿ. ಹತ್ತೊಂಬತ್ತನೇ ಹೆಸರು ಹತ್ತೊಂಬತ್ತನೆಯದೇ ಆಗಿರಲಿ.

ಈ ಪತ್ರದಲ್ಲಿ ನಿಮ್ಮ ಹೆಸರು ಹಾಕಬೇಕೇ ಎಂದು ಶಿವರತ್ನಮ್ಮನವರನ್ನು ಕೇಳಿದೆ. ಕೆಲಸಕ್ಕೆ ಕುತ್ತು ಬರಬಹುದು ಎಂದೂ ಹೇಳಿದೆ. “ಬರೀರಿ. ಕೆಲ್ಸ ಓದ್ರೆ ಓಯ್ತದೆ. ಮಗ್ಳು ಪಟ್ಟೀಗ್ ಬರ್ಲಿ” ಎಂದರು.

ದೂಳು ಹಿಡಿದ ಟೊಪ್ಪಿ ಇನ್ನೂ ಕವರಿನಲ್ಲೇ ನನ್ನ ಮೇಜಿನ ಖಾನೆಯಲ್ಲಿದೆ, ತಾವು ಯಾವಾಗ ಬಂದರೂ ತೋರಿಸುತ್ತೇನೆ. ಒಗೆದಿಟ್ಟಿದ್ದ ಇನ್ನೊಂದನ್ನು ಭವ್ಯ ಬಿಚ್ಚಿ, ಎಲಾಸ್ಟಿಕ್ ಸಣ್ಣ ಮಾಡಿ, ಮತ್ತೆ ಹೊಲಿದುಕೊಂಡಿದ್ದಾಳೆ. ಕ್ರಷರಿನ ರಸ್ತೆಯಲ್ಲಿ ಹೋಗಿ ಬರುವಾಗ ಅದನ್ನು ಬಾಯಿಗೆ ಕಟ್ಟಿಕೊಳ್ಳುತ್ತಾಳೆ. ಸಂಜೆ ಅವಳ ತಾಯಿ ಅದನ್ನು ತೊಟ್ಟಿಯ ಹತ್ತಿರ ಒಗೆಯುತ್ತಾರೆ.

ಇಂತಿ,
ವರ್ಷವಿಡೀ ಆ ಬಟ್ಟೆಯನ್ನು ನೋಡಿ, ಹೊಲಿಗೆಯನ್ನಷ್ಟೇ ಮೆಚ್ಚಿಕೊಂಡ
ಆಶಾರಾಣಿ
ಗ್ರಂಥಾಲಯ ಮೇಲ್ವಿಚಾರಕಿ, ಕೇಂದ್ರ ಏಳು