ನೂರೆಂಬತ್ತಾರು ಹೊಸ್ತಿಲು

ಕಟ್ಟಡದ ತಗಡಿನ ಆಫೀಸು,
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಇಳಿದ ದಿನವೇ ಬರೆಯುತ್ತೇನೆಂದು ಮಾತು ಕೊಟ್ಟು ನಾಲ್ಕು ದಿನ ತಡ ಮಾಡಿದ್ದಕ್ಕೆ ಬೈಯಬೇಡ. ಬೈಯುವುದನ್ನೆಲ್ಲ ಇಲ್ಲಿನವರೇ ಮುಗಿಸಿದ್ದಾರೆ. ಪರದೇಶದಲ್ಲಿ ಹೊರಗೆ ಏನೇನು ಕಂಡೆಯೋ ಒಂದೂ ಬಿಡದೆ ಬರಿ ಎಂದಿದ್ದೆಯಲ್ಲ, ಕೇಳು. ರೂಮಿನ ಕಿಟಕಿಯಿಂದ ಹನ್ನೊಂದು ಕ್ರೇನು, ಒಂದು ಮರ ಕಾಣುತ್ತವೆ. ಹಾಸಿಗೆ ಎಷ್ಟು ಮೆತ್ತಗೆಂದರೆ, ಬೆಳಗ್ಗೆ ಎದ್ದು ನನ್ನನ್ನು ನಾನೇ ಹುಡುಕಿಕೊಳ್ಳಬೇಕು.

ನಾವು ಕಳಿಸಿದ ಬಾಗಿಲ ಚೌಕಟ್ಟುಗಳಲ್ಲಿ ಏನೋ ತಪ್ಪಾಗಿದೆ, ಬಂದು ನೋಡಿ ಎಂದು ಕರೆಸಿಕೊಂಡಿದ್ದರಷ್ಟೆ? ಸೋಮವಾರ ಇಂಜಿನಿಯರಮ್ಮ ನನ್ನ ತಲೆಗೊಂದು ದೊಗಳೆ ಹೆಲ್ಮೆಟ್ ಹಾಕಿ ಒಳಗೆ ಕರೆದೊಯ್ದಳು. ಆಯಮ್ಮ ಮಾತಿಗೆ ಬಲು ಜಿಪುಣಿ. ಪುಣ್ಯಕ್ಕೆ ಅಲ್ಲಿಯ ಮೇಸ್ತ್ರಿ ನಮ್ಮ ಭಾಷೆಯವನು. ನಡುವೆ ನಿಂತು ಆಚೆಯದನ್ನು ಈಚೆಗೆ ಮಾಡಿದ.

“ಕೆಳಗಡೆ ಈ ಮರ ಯಾಕೆ ಅಂತ ಕೇಳ್ತಿದ್ದಾರೆ.”

“ಹೊಸ್ತಿಲು ಕಣಯ್ಯ. ನಕ್ಷೇಲಿ ಮೂರೇ ಗೆರೆ ಇತ್ತು. ಬರೆದೋರು ಒಂದು ಮರೆತಿದ್ದಾರೆ ಅಂತ ನಾನೇ ಸೇರಿಸ್ದೆ, ಪುಕ್ಕಟೆ. ಮೂರೇ ಕಡೆ ಮರ ಇದ್ರೆ ಅದು ಬಾಗಿಲಲ್ಲ, ಗೋಡೆಗಾದ ತೂತು ಅಂತ ಹೇಳು.”

“ಹೀಗೇ ಹೇಳ್ಲಾ ಯಜಮಾನ್ರೇ, ಇಲ್ಲ ಸ್ವಲ್ಪ ತೊಳೆದು ಹೇಳ್ಲಾ?”

ಏನು ತೊಳೆದನೋ, ಆಯಮ್ಮ ಸರ್ರನೆ ಹೊರಗೆ ಹೋದಳು. ಒಂದು ಗಾಲಿಕುರ್ಚಿ ತಂದು ನನ್ನನ್ನು ಕೂರಿಸಿ, ತಾನು ಕೋಣೆಯ ಹೊರಗೆ ನಿಂತು, ಬಾ ಎಂದು ಕೈ ಮಾಡಿದಳು. ನಡೆಯಲಾಗದವರ ಆರೈಕೆಗೆಂದು ಕಟ್ಟುತ್ತಿರುವ ಮನೆಯಂತೆ ಅದು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಚಕ್ರ ಹೊಸ್ತಿಲಿಗೆ ಬಡಿದು ನಿಂತಿತು. ಹಿಂದೆ ಸರಿದು ರಭಸದಿಂದ ಬಂದೆ. ಹೆಲ್ಮೆಟ್ ಜಾರಿ ಕಣ್ಣು ಮುಚ್ಚಿತು. ಮೂರನೆಯ ಸಲಕ್ಕೆ ಕೆಲಸದವರೆಲ್ಲ ಗಾರೆ ಬಿಟ್ಟು ನೆರೆದರು. ನಾಲ್ಕನೆಯ ಸಲ ನಾನು ಹೊರಗೆ ಬಂದೆ, ಕುರ್ಚಿ ಒಳಗೇ ಉಳಿಯಿತು.

“ಎರಡು ದಿನ ಕೊಡ್ತಾರಂತೆ,” ಎಂದ ಮೇಸ್ತ್ರಿ, ನನ್ನ ಮೊಣಕಾಲಿನ ಧೂಳು ಕೊಡವುತ್ತ. “ಸರಿಹೋಗದಿದ್ರೆ ಅಷ್ಟೂ ಕಿತ್ತು ನಿಮ್ಮ ಜೊತೇಲೇ ವಾಪಸ್ಸಂತೆ.”

ನೂರೆಂಬತ್ತಾರು ಚೌಕಟ್ಟು ಹೊತ್ತು ಊರಿಗೆ ಬಂದರೆ ಅಂಗಡಿಯ ಬೋರ್ಡು ಇಳಿಸುವುದೊಂದೇ ಬಾಕಿ. ಬಾಯಿ ಮುಚ್ಚಿಕೊಂಡು ಗರಗಸ ಕೇಳಿದೆ. ಇಪ್ಪತ್ತು ವರ್ಷದಿಂದ ಬರೀ ಮಾತು ಮಾರಿ ಬದುಕಿದವನು ನಾನು. ಆದರೂ ಕೈ ಮರದ ಹದ ಮರೆತಿರಲಿಲ್ಲ ಅಕ್ಕ. ಮೇಸ್ತ್ರಿ, ನಾನು, ಇನ್ನು ನಾಲ್ವರು. ನಿನ್ನೆ ಸಂಜೆ ಕೊನೆಯ ಹೊಸ್ತಿಲು ಬಿತ್ತು. ಆಯಮ್ಮ ತಾನೇ ಕುರ್ಚಿಯಲ್ಲಿ ಕೂತು ಒಂದೊಂದು ಕೋಣೆಗೂ ನುಗ್ಗಿ ಹೊರಗೆ ಬಂದು, ಕೊನೆಗೆ ನಕ್ಕಳು.

“ಇವರಿಗೆ ಹಲ್ಲಿದೆ ಅಂತ ಇವತ್ತೇ ಗೊತ್ತಾಗಿದ್ದು,” ಎಂದ ಮೇಸ್ತ್ರಿ.

ಇಂಥದ್ದೇ ಇನ್ನೊಂದು ಕಟ್ಟಡಕ್ಕೂ ನಮ್ಮನ್ನೇ ಕೇಳಿದ್ದಾರೆ. ಅದರ ಅಳತೆ ಮುಗಿಸಿ ತಿಂಗಳ ಕೊನೆಗೆ ಬರುತ್ತೇನೆ. ಔಷಧಿ ತಪ್ಪಿಸಬೇಡ. ದೊಡ್ಡವಳು ನೀನು, ನಿನ್ನ ಹರಕೆ ನನ್ನ ತಲೆಯ ಮೇಲಿರಲಿ. ಹೆಲ್ಮೆಟ್ಟಿಗಿಂತ ಅದೇ ಸರಿಯಾಗಿ ಕೂರುತ್ತದೆ.

ನಿನ್ನ
ಬಾಯಿಬಡುಕ ತಮ್ಮ

ಮರೆತ ಮಾತು: ಮರೆತದ್ದೆಂದರೆ ಸುಳ್ಳು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಾನು ಆ ಕುರ್ಚಿಯಲ್ಲಿ ಗುದ್ದಾಡಿದ್ದು ನಾಲ್ಕೇ ಸಲ. ನಿನ್ನ ಕಾಲು ಬಿದ್ದುಹೋಗಿ ನೀನು ಅಂಥದ್ದರಲ್ಲೇ ಕೂತು ಎರಡು ವರ್ಷ. ಹೋದ ವರ್ಷ ನೀನು, “ಬೀದಿ ಬಾಗಿಲಿನ ಹೊಸ್ತಿಲು ಕೊಯ್ಸಿಬಿಡೋ” ಅಂದಿದ್ದೆ. “ಅದು ತೇಗ ಕಣಕ್ಕ, ಗಿರಾಕಿಗಳು ಅದನ್ನ ನೋಡೇ ಆರ್ಡರ್ ಕೊಡೋದು” ಅಂದವನು ನಾನು. ನೀನು ನಕ್ಕು, ಕುರ್ಚಿ ತಿರುಗಿಸಿಕೊಂಡು ಕಿಟಕಿಗೆ ಹೋದೆ. ಮತ್ತೆ ಕೇಳಲಿಲ್ಲ. ನನಗೂ ಅದೇ ಅನುಕೂಲವಾಯಿತು. ಕಾಗದ ಓದಿದ ಕೂಡಲೇ ಬಡಗಿಯನ್ನು ಕರೆಸು. ತೇಗ ಹಾಳಾಗುತ್ತದೆಂದು ಅವನು ರಾಗ ಎಳೆದರೆ ಬಗ್ಗಬೇಡ. ನಾನು ಬರುವ ದಿನ ನೀನು ಬೀದಿಯಲ್ಲಿರಬೇಕು. ಹೊರಗೆ ಏನೇನು ಕಂಡೆಯೋ ಒಂದೂ ಬಿಡದೆ ನೀನೇ ನನಗೆ ಹೇಳಬೇಕು.