ಕಿರೀಟಿ ಹಾಕಿದ ತಾಳ

ಹದಿನೇಳನೇ ತಾರೀಖು, ಗುರುವಾರ, ಬೆಳಿಗ್ಗೆ ಎಂಟು ಗಂಟೆ

ನನ್ನ ದರ್ಜಿಯಮ್ಮನಿಗೆ,

ನಾಟಕ ಕಂಪನಿ ಮುಚ್ಚಿ ಆರು ವರ್ಷವಾಯಿತು. ಆದರೂ ಹೆಂಡತಿಯನ್ನು ಕರೆಯಲು ಈ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಸಹಿಸಿಕೋ.

ಪರದೆ ಏಳುವ ಮೊದಲೇ ಹೇಳಿಬಿಡುತ್ತೇನೆ, ಕಾಯಿಸುವ ಕಥೆ ನಿನಗೆ ಹಿಡಿಸುವುದಿಲ್ಲ. ನಿನ್ನ ಜುಟ್ಟಿನ ಗಿಣಿ, ಆ ಕಾಕಟೀಲ್ ಹಕ್ಕಿ, ಹೋಯಿತು. ಮೊನ್ನೆ ಮಂಗಳವಾರ ಮಧ್ಯಾಹ್ನ, ಹಕ್ಕಿ ಡಾಕ್ಟರಮ್ಮನ ಮೇಜಿನ ಮೇಲೆ, ನನ್ನ ಎರಡು ಅಂಗೈಗಳ ನಡುವೆ ಕಿರೀಟಿ ಹೋದ. ಆದರೆ ಈ ಪತ್ರ ಅವನಿಗಾಗಿ ಅಲ್ಲ. ನೀನು ಡಾಕ್ಟರ ಹತ್ತಿರ ಹೋಗಬೇಕು. ಆ ಒಂದು ಮಾತಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಂಗಿ ಎತ್ತಿಕೊಂಡು, "ಭಾವ, ಅಕ್ಕ ಸ್ನಾನಕ್ಕೆ ಹೋಗಿದಾಳೆ" ಅನ್ನುತ್ತಾಳೆ. ಐದು ತಿಂಗಳಿಂದ ನೀನು ಸ್ನಾನ ಮಾಡುತ್ತಲೇ ಇದ್ದೀಯ.

ನೀನು ಹೊರಟ ದಿನ ಪಂಜರದ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದೆ. ಗರಿ ಉಬ್ಬಿಸಿಕೊಂಡು ಕೂತರೆ, ಹಗಲಲ್ಲಿ ತೂಕಡಿಸಿದರೆ, ದನಿ ನಿಂತರೆ, ಹಿಕ್ಕೆಯ ಬಣ್ಣ ಬದಲಾದರೆ ಒಂದು ದಿನವೂ ಕಾಯಬಾರದು. ಭಾನುವಾರ ತಪ್ಪದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಬಾಗಿಲಲ್ಲಿ ಚೀಲ ಹಿಡಿದು ನಿಂತು ಇನ್ನೊಂದು ಮಾತು ಹೇಳಿದೆ: "ಇದು ಹಕ್ಕಿ ರೀ, ನಿಮ್ಮ ಹಾಗಲ್ಲ. ಮೈ ಬಿಸಿ ಆಯ್ತು ಅಂತ ಬೀದಿಗೆಲ್ಲ ಕೇಳೋ ಹಾಗೆ ನರಳಲ್ಲ." ನೀನು ಬೀದಿಯ ತಿರುವು ದಾಟಿದ್ದೇ ತಡ, ಆ ಚೀಟಿಯ ಮೇಲಿನ ಮೊಳೆಗೆ ನನ್ನ ಕೋಟು ನೇತುಹಾಕಿದೆ. ನೀನೇ ಹೊಲಿದ, ಮೊಣಕಾಲು ಮುಟ್ಟುವ ರಾಜನ ಕೋಟು. ಚೀಟಿ ಅದರ ಹಿಂದೆ ಮುಚ್ಚಿಹೋಯಿತು.

ಮೂರು ವಾರದ ಹಿಂದೆ ಅವನ ಸಿಳ್ಳೆ ನಿಂತಿತು. ಬೆಳಿಗ್ಗೆ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ನನಗಿಂತ ಮೊದಲು ರಾಗ ತೆಗೆಯುತ್ತಿದ್ದವನು ಸುಮ್ಮನೆ ಕೂತ. ಹಿರಿಯ ನಟ ಮಾತಾಡುವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಕೊನೆಗೂ ಕಲಿತ ಎಂದುಕೊಂಡೆ. ಗರಿ ಉಬ್ಬಿಸಿಕೊಂಡು ಹತ್ತಿಯ ಉಂಡೆಯಂತಾದ. ನನ್ನ ಆರೈಕೆಯಲ್ಲಿ ಎರಡು ಸುತ್ತು ದಪ್ಪಗಾಗಿದ್ದಾನೆ ಎಂದು ಬೀಗಿದೆ. ಬಟ್ಟಲಿನಿಂದ ಕಾಳು ಎತ್ತುತ್ತಿದ್ದ, ಕೊಕ್ಕಿನಲ್ಲಿ ತಿರುವುತ್ತಿದ್ದ, ಬೀಳಿಸುತ್ತಿದ್ದ, ಇನ್ನೊಂದು ಎತ್ತುತ್ತಿದ್ದ. ಊಟ ಜೋರಾಗಿದೆ ಎಂದುಕೊಂಡೆ. ನಾನು ಹಾರ್ಮೋನಿಯಂ ಹಿಡಿದು ಹಾಡಲು ಕೂತರೆ ಅವನ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ನನ್ನ ಹಾಡಿಗೆ ತಾಳ ಹಾಕುತ್ತಿದ್ದಾನೆ ಎಂದು ನಂಬಿದೆ. ನೀನು ಹೋದ ಮೇಲೆ ಈ ಮನೆಯಲ್ಲಿ ಉಳಿದ ಒಬ್ಬನೇ ಪ್ರೇಕ್ಷಕ ಅವನು. ಅವನಿಗಾಗಿ ಹಾಡಿದೆ, ಇನ್ನೊಂದು, ಮತ್ತೊಂದು ಎಂದು ಹಾಡಿದೆ.

ಮಂಗಳವಾರ ಎದ್ದು ನೋಡಿದರೆ ಕೋಲಿನ ಮೇಲಿರಲಿಲ್ಲ. ಪಂಜರದ ತಳದಲ್ಲಿ, ಮೂಲೆಯಲ್ಲಿ, ಕಣ್ಣು ಮುಚ್ಚಿ ಕೂತಿದ್ದ. ಪಂಜರವನ್ನು ಎದೆಗವಚಿಕೊಂಡು ಓಡಿದೆ. ಈ ವಯಸ್ಸಿನಲ್ಲಿ, ಈ ಹೊಟ್ಟೆ ಹೊತ್ತು ಓಡಿದೆ. ಬಸ್ಸಿನವನು ಕೂಡ ಕಾದ.

ಡಾಕ್ಟರಮ್ಮ ನಮ್ಮ ಸೊಸೆಯ ವಯಸ್ಸಿನವಳು, ನಮಗೆ ಸೊಸೆ ಇದ್ದಿದ್ದರೆ. "ಎಷ್ಟು ದಿನದಿಂದ ಹೀಗಿದಾನೆ ಯಜಮಾನ್ರೇ?" ಎಂದಳು. "ಮೂರು ದಿನ" ಎಂದು ಹಿಂದಿನ ಸಾಲಿಗೆ ಕೇಳುವ ಹಾಗೆ ಘೋಷಿಸಿದೆ. "ಮೆಲ್ಲಗೆ, ನಾನು ಇಲ್ಲೇ ಇದೀನಿ" ಎಂದಳು. ಅವನನ್ನು ತೂಗಿದಳು. ನಿನ್ನ ಚೀಟಿಯಲ್ಲಿ ತೊಂಬತ್ತೆರಡು ಗ್ರಾಂ ಎಂದಿತ್ತು. ತಕ್ಕಡಿ ಅರವತ್ತೆಂಟು ತೋರಿಸಿತು. ಆಮೇಲೆ ಅವನ ಎದೆಯ ಗರಿಗಳನ್ನು ಉಫ್ ಎಂದು ಊದಿ ಸರಿಸಿ, ನನ್ನ ಬೆರಳನ್ನು ಹಿಡಿದು ಅಲ್ಲಿಟ್ಟಳು. ಮಾಂಸವೇ ಇರಲಿಲ್ಲ. ಒಂದು ಮೂಳೆ, ಚಾಕುವಿನ ಅಲಗಿನ ಹಾಗೆ.

"ಕಾಳು ತಿಂತಿದ್ದನಲ್ಲಮ್ಮ" ಎಂದೆ.

"ತಿನ್ನೋ ಹಾಗೆ ಮಾಡ್ತಾವೆ ಅಷ್ಟೇ. ಸೊರಗಿರೋದು ಕಂಡರೆ ಬೇಟೆಯಾಡೋವು ಬಿಡಲ್ಲ ಅನ್ನೋ ಭಯ ಅವಕ್ಕೆ ಹುಟ್ಟಿನಿಂದಲೇ ಇರುತ್ತೆ. ನಿಲ್ಲೋ ಶಕ್ತಿ ಇರೋವರೆಗೂ ಚೆನ್ನಾಗಿದೀನಿ ಅಂತಲೇ ನಿಂತಿರ್ತಾವೆ."

ತಾಳದ ವಿಷಯವನ್ನೂ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. "ಅದು ತಾಳ ಅಲ್ಲ ಯಜಮಾನ್ರೇ, ಉಸಿರು. ಒಂದೊಂದು ಉಸಿರು ಎಳೆಯೋಕೂ ಇಡೀ ಮೈ ಒದ್ದಾಡ್ತಾ ಇತ್ತು" ಎಂದಳು.

ಬಿಸಿ ಪೆಟ್ಟಿಗೆಯಲ್ಲಿಟ್ಟಳು, ಕೊಳವೆಯಲ್ಲಿ ಗಾಳಿ ಬಿಟ್ಟಳು, ಹನಿ ಔಷಧ ಹಾಕಿದಳು. ಕೊನೆಗೆ ಅವನನ್ನು ಎತ್ತಿ ನನ್ನ ಕೈಗೆ ಕೊಟ್ಟಾಗ ಅರ್ಥವಾಯಿತು. ರಂಗದ ಮೇಲೆ ಸಾಯಲು ನಾನು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿದ್ದೆ, ನಡುವೆ ಒಂದು ಹಾಡು ಬೇರೆ. ಅವನು ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಮುಗಿಸಿದ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ.

ಮನೆಗೆ ತಂದ ಮೇಲೆ ಅವನನ್ನು ಸುತ್ತಲು ಮೆತ್ತನೆಯ ಬಟ್ಟೆ ಬೇಕಿತ್ತು. ನಿನ್ನ ಪೆಟ್ಟಿಗೆ ತೆರೆದೆ. ನೀಲಿ ರವಿಕೆ ಕೈಗೆ ಸಿಕ್ಕಿತು. ಗುಂಡಿ ಅವನಿಗೆ ಒತ್ತಬಾರದೆಂದು ಒಳಹೊರಗು ಮಾಡಿದೆ. ಪಕ್ಕೆಯ ಹೊಲಿಗೆಯ ಹತ್ತಿರ ಸೂಜಿಯ ತೂತುಗಳ ಸಾಲು ಕಂಡಿತು. ಒಂದಲ್ಲ, ಎರಡೂ ಪಕ್ಕೆಗೆ ನಾಲ್ಕು ನಾಲ್ಕು ಸಾಲು. ಒಂದೊಂದೂ ಹಿಂದಿನದಕ್ಕಿಂತ ಅರ್ಧ ಬೆರಳು ಒಳಗೆ. ಮೈ ಇಳಿದ ಹಾಗೆಲ್ಲ ಬಿಚ್ಚಿ ಬಿಚ್ಚಿ ಹಿಡಿದು ಹೊಲಿದಿದ್ದೀಯ. ಹೊರಗಿನಿಂದ ನೋಡಿದರೆ ರವಿಕೆ ಯಾವಾಗಲೂ ನಿನ್ನ ಅಳತೆಗೆ ಸರಿಯಾಗಿ ಕೂತಿರುತ್ತಿತ್ತು. ಉಳಿದ ರವಿಕೆಗಳನ್ನೂ ಒಂದೊಂದಾಗಿ ತಿರುವಿ ನೋಡಿದೆ. ಎಲ್ಲದರ ಒಳಗೂ ಅದೇ ಕಥೆ. ಆ ಕೈಚಳಕವನ್ನು ಕಂಪನಿಯಲ್ಲಿ ಎಷ್ಟು ಹೊಗಳಿದ್ದೆ ನಾನು.

ಹೊರಡುವ ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನೀನು ತಟ್ಟೆ ಸರಿಸಿ, "ಏನೂ ಸೇರ್ತಿಲ್ಲ ರೀ, ಹೊಟ್ಟೆಯಲ್ಲಿ ಏನೋ ಇದೆ ಅನ್ಸುತ್ತೆ" ಎಂದೆ. ನಾನು ಏನೆಂದೆ ಎಂದು ನಿನಗೆ ನೆನಪಿದೆ. ನನಗೂ ಇದೆ. "ಸಾಕು, ನಾಟಕ ಆಡಬೇಡ" ಎಂದೆ. ನೀನು ಮೂವತ್ತೊಂದು ವರ್ಷ ಪರದೆಯ ಹಿಂದೆ ಇದ್ದವಳು, ಒಂದು ದಿನವೂ ಬಣ್ಣ ಹಚ್ಚದವಳು. ಮರುದಿನ ಬೆಳಿಗ್ಗೆ ಕೋಟಿನ ಕೊನೆಯ ಗುಂಡಿ ಹೊಲಿದು, ದಾರ ಹಲ್ಲಲ್ಲಿ ಕಡಿದು, ಚೀಲ ತೆಗೆದುಕೊಂಡೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿನ್ನ ತಂಗಿಯ ಮನೆ ಬಾಗಿಲಲ್ಲಿರುತ್ತೇನೆ. ಸ್ನಾನಕ್ಕೆ ಹೋಗಿರು, ಕಾಯುತ್ತೇನೆ. ಆಸ್ಪತ್ರೆಗೆ ನಿನ್ನ ತಂಗಿಯ ಜೊತೆ ಹೋದರೂ ಸರಿ, ನನ್ನ ಮುಖ ನೋಡದಿದ್ದರೂ ಸರಿ. ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರೆ ಮೂರು ದಿನ ಅನ್ನಬೇಡ. ನಾನು ತರುವ ರವಿಕೆಯನ್ನು ತಿರುವಿ ಮೇಜಿನ ಮೇಲಿಡು. ಅದೇ ಹೇಳುತ್ತದೆ.

ಕಿರೀಟಿಯನ್ನು ಹಿತ್ತಲಿನ ನಲ್ಲಿಯ ಪಕ್ಕ, ನೀನು ಬಟ್ಟೆ ಒಣಹಾಕುವ ತಂತಿಯ ಕೆಳಗೆ ಮಣ್ಣು ಮಾಡಿದೆ. ಅವನಿಗೆ ನನ್ನ ಕೋಟಿನ ತೋಳು ಕತ್ತರಿಸಿ ಹೊದಿಸಿದೆ. ನಿನ್ನ ರವಿಕೆ ಬೇಕಿತ್ತಲ್ಲ.

ನಿನ್ನ ಬಾಯಲ್ಲಿ ಅಣಕದ ಹೆಸರು ಪಡೆದ,
ದೊರೆ

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಹೊಸದಾಗಿ ಬರೆಯಬಹುದಿತ್ತು, ಆದರೆ ಅದೂ ನಿನ್ನ ಕಣ್ಣಿಗೆ ಬೀಳಲಿ. ಕಿರೀಟಿ ತಾಳ ಹಾಕುತ್ತಿದ್ದಾನೆ ಎಂದು ನಾನು ನಂಬಿರಲಿಲ್ಲ. ನಿಧಾನವಾಗಿ ಹಾಡಿದರೂ ಅದೇ ವೇಗ, ಹಾಡು ನಿಲ್ಲಿಸಿದರೂ ಅದೇ ವೇಗ. ನಲವತ್ತು ವರ್ಷ ಹಾಡಿದವನಿಗೆ ಅದು ತಾಳವಲ್ಲ ಎಂದು ಮೊದಲ ದಿನವೇ ತಿಳಿಯಿತು. ಕಾಯಿಲೆ ಎಂದರೆ ನಿನಗೆ ತಿಳಿಸಿ, ಒಂದು ಹಕ್ಕಿಯನ್ನೂ ನೋಡಿಕೊಳ್ಳಲಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಹಾಡಿದೆ. ನೀನು ಹೋಗುವುದಕ್ಕೆ ಒಂದು ವಾರ ಮೊದಲು, ಐದನೇ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತದ್ದನ್ನೂ ಕೆಳಗಿನಿಂದ ನೋಡಿದ್ದೆ. ಆರು ವರ್ಷದ ಮೇಲೆ ಸಿಕ್ಕ ಪಾತ್ರ, ಪ್ರದರ್ಶನಕ್ಕೆ ಹತ್ತು ದಿನವಿತ್ತು, ಕೋಟಿನ ತೋಳು ಇನ್ನೂ ಹೊಲಿದಾಗಿರಲಿಲ್ಲ. ನಾನು ಒಳಗೆ ಹೋಗಿ ಮಾತು ಬಾಯಿಪಾಠ ಮಾಡಿದೆ.